ಕೈಗೆ ಹೊಲಿದ ಚೀಲ

ಕಟಿಂಗ್ ಮಾಸ್ಟರ್ ಎಂದರೆ ಪೇಟೆಗೆಲ್ಲ ಗೊತ್ತು. ಕತ್ತರಿಗಿಂತ ಬಾಯಿಯೇ ಹರಿತ. ಹೊಲಿಗೆ ಅಂಗಡಿಯಲ್ಲಿ ಕಾಜಾ ಹೊಲಿಯುವುದು, ಗುಂಡಿ ಹಚ್ಚುವುದು ಹೆಂಡತಿಯ ಕೆಲಸ. ಮೂವತ್ತು ವರ್ಷದಲ್ಲಿ ಆಕೆ ಒಮ್ಮೆಯೂ ಭೇಷ್ ಅನ್ನಿಸಿಕೊಂಡವಳಲ್ಲ. "ಏನೇ ಇದು, ಎತ್ತು ಉಚ್ಚೆ ಹೊಯ್ದ ಹಾಗೆ ಅಂಕುಡೊಂಕಾಗಿದೆ ನಿನ್ನ ಹೊಲಿಗೆ!" ಎಂದು ಗಿರಾಕಿಗಳ ಮುಂದೆಯೇ ರೇಗಿಸುತ್ತಿದ್ದರು.

ಒಂದು ಬೆಳಿಗ್ಗೆ ಪ್ಯಾಂಟಿನ ಬಟ್ಟೆ ಕತ್ತರಿಸುವಾಗ ಮಾಸ್ಟರ ಕೈಯಿಂದ ಕತ್ತರಿ ಜಾರಿತು, ಬಾಯಿ ಸೊಟ್ಟಗಾಯಿತು. ಅರ್ಧ ಗಂಟೆಯೊಳಗೆ ಆಕೆ ಹತ್ತಿರದ ಆಸ್ಪತ್ರೆಗೆ ಸೇರಿಸಿದಳು. ತಡಮಾಡಿದ್ದು ಆಸ್ಪತ್ರೆ. ಸ್ಕ್ಯಾನ್ ಆದದ್ದು ಸಂಜೆಗೆ. "ಲಕ್ವದ ಇಂಜೆಕ್ಷನ್ ಕೊಡೋ ಹೊತ್ತು ಮೀರಿ ಹೋಯ್ತು" ಎಂದರು ಡಾಕ್ಟರು, ಬಸ್ಸು ಹೋಯಿತು ಅನ್ನುವ ಹಾಗೆ. ಆಮೇಲೆ ಜನರಲ್ ವಾರ್ಡಿನ ಮೂಲೆ ಮಂಚ. ಬಲಗೈ ಮಂಚದಾಚೆ ಜೋತುಬೀಳುತ್ತಿತ್ತು. ಅದನ್ನೇನು ಮಾಡಬೇಕೆಂದು ಒಂದು ನರಪಿಳ್ಳೆಯೂ ಹೇಳಲಿಲ್ಲ.

ಆಕೆಗೆ ಬರುವುದು ಹೊಲಿಗೆಯೊಂದೇ. ಅಂಗಡಿಯಲ್ಲಿ ಮಿಕ್ಕ ಮೆತ್ತನೆ ಬಟ್ಟೆಯಲ್ಲಿ ಚೀಲ ಹೊಲಿದು, ಕೈ ಮಡಿಸಿ ಒಳಗಿಟ್ಟು ಎದೆಗೆ ಕಟ್ಟಿದಳು. ವಿಶ್ರಾಂತಿ ಸಿಕ್ಕರೆ ಈ ಕೈ ಮತ್ತೆ ಕತ್ತರಿ ಹಿಡಿದೇ ಹಿಡಿಯುತ್ತದೆ ಎಂಬ ಆಸೆ. ರೌಂಡ್ಸಿನ ಡಾಕ್ಟರು ನೋಡಿದರು, ಹೋದರು. ನರ್ಸು, "ಎಷ್ಟು ಚೆನ್ನಾಗಿ ಹೊಲಿದಿದ್ದೀರಮ್ಮ!" ಎಂದಳು. ಅಯ್ಯೋ, ನರ್ಸಿನ ಬಾಯಿಗೆ ಅಷ್ಟೇ ಮಾತು ಬಂತು ನೋಡಿ! ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ಕೈ ಚೀಲದಲ್ಲೇ ಇತ್ತು.

ಆರು ತಿಂಗಳಾದ ಮೇಲೆ ಹಳೆ ಗಿರಾಕಿಯೊಬ್ಬ, ಲಾರಿ ಡ್ರೈವರ್, ಅಂಗಡಿಗೆ ಬಂದ. ಮಾಸ್ಟರಿಗೆ ಹೊಡೆದ ತಿಂಗಳೇ ಅವನಿಗೂ ಲಕ್ವ ಹೊಡೆದಿತ್ತು. ಸೇರಿದ್ದು ಬೇರೆ ಆಸ್ಪತ್ರೆ. ಕಾಲು ತುಸು ಎಳೆಯುತ್ತಿತ್ತು, ಆದರೆ ಷರಟಿನ ಗುಂಡಿ ತಾನೇ ಹಾಕಿಕೊಂಡಿದ್ದ.

"ಆ ಆಸ್ಪತ್ರೆಯೋರು ಎರಡನೇ ದಿನಾನೇ ನನ್ನ ಕೈ ಆಡಿಸೋಕೆ ಶುರು ಮಾಡಿದ್ರಕ್ಕಾ. ನೋವಿಗೆ ನಾನು ಬೈದ್ರೂ ಬಿಡ್ಲಿಲ್ಲ. ಮಾಸ್ಟರ್‌ಗೆ ಯಾರೂ ಆಡಿಸ್ಲಿಲ್ವಾ?"

"ನಾನು ಕಟ್ಟಿಟ್ಟೆ ಕಣಪ್ಪಾ" ಎಂದಳು.

ಮರುದಿನವೇ ಅವನು ಹೇಳಿದ ಆಸ್ಪತ್ರೆಗೆ ಗಂಡನನ್ನು ಕರೆದೊಯ್ದಳು. ಅಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಬಿಗಿದ ಮುಷ್ಟಿಯ ಒಂದೊಂದೇ ಬೆರಳು ಬಿಡಿಸಲು ನೋಡಿದಳು. "ಆಡಿಸದೆ ಕೈ ಸೆಟೆದುಬಿಟ್ಟಿದೆ, ತುಂಬಾ ತಡವಾಯ್ತಮ್ಮ. ನೋವು ಕಮ್ಮಿ ಮಾಡಬಹುದು. ಇನ್ನು ಕತ್ತರಿ ಹಿಡಿಯೋಕಾಗಲ್ಲ."

ಮನೆಗೆ ಬಂದವಳೇ ಬ್ಲೇಡು ಹಿಡಿದು ಚೀಲದ ಹೊಲಿಗೆ ಬಿಚ್ಚತೊಡಗಿದಳು. ಸಿಟ್ಟು ಆಸ್ಪತ್ರೆಯ ಮೇಲೋ ತನ್ನ ಮೇಲೋ ಅವಳಿಗೇ ತಿಳಿಯದು.

"ಬೈಯ್ರೀ ನನ್ನ. ಒಂದ್ಸಲ ಬೈದುಬಿಡಿ."

ಮಾಸ್ಟರು ಎಡಗೈ ಚಾಚಿ ಚೀಲ ಎಳೆದುಕೊಂಡರು. ಉಳಿದ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿ, ತೊದಲುತ್ತ, "ನೇರ... ಇದೆ ಕಣೇ" ಎಂದರು.

ಆಕೆ ಬ್ಲೇಡು ಕೆಳಗಿಟ್ಟು ಗೋಳೋ ಎಂದು ಅತ್ತಳು.