ಆಚೆ ಬದಿಯ ಹಳದಿ ಹಕ್ಕಿ

ನಮ್ಮ ಅಪ್ಪಯ್ಯ ಯಾರನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ಬಸ್ಸಿನಲ್ಲಿ ಕೊಟ್ಟ ಟಿಕೆಟ್ಟನ್ನು ಎರಡೂ ಬದಿ ತಿರುಗಿಸಿ ಓದುತ್ತಿದ್ದ. ಹಾಲಿನವನ ಎದುರಿಗೇ ಹಾಲನ್ನು ಬೆರಳ ತುದಿಗೆ ಹಚ್ಚಿ ನೋಡುತ್ತಿದ್ದ. ಸಿದ್ದಾಪುರದ ಪೇಟೆಯಲ್ಲಿ ಅವನದೊಂದು ಟೀವಿ, ರೇಡಿಯೋ ರಿಪೇರಿ ಅಂಗಡಿಯಿತ್ತು. ಒಮ್ಮೆ ಅಪರಿಚಿತನೊಬ್ಬ ಬಂದು ವಿಡಿಯೋ ಗೇಮಿನ ಡಬ್ಬಿಯೊಂದನ್ನು ರಿಪೇರಿಗೆ ಕೊಟ್ಟು ಹೋದ. ಮತ್ತೆ ತಿರುಗಿ ಬರಲೇ ಇಲ್ಲ. ಕದ್ದ ಮಾಲೇ ಇರಬೇಕು ಎಂದು ಅಪ್ಪಯ್ಯನಿಗೆ ಮೊದಲ ದಿನದಿಂದಲೂ ಗುಮಾನಿ. ಹಾಗಾಗಿ ಅದನ್ನು ಅಂಗಡಿಯಲ್ಲಿಡದೆ ಮನೆಗೆ ತಂದ. ಸರಿಯಾಗಿದೆಯೋ ಇಲ್ಲವೋ ನೋಡಬೇಕೆಂಬ ನೆಪದಲ್ಲಿ ಕಿಟಕಿಯ ಪರದೆ ಎಳೆದು ಟೀವಿಗೆ ಜೋಡಿಸಿದ.

ಡಬ್ಬಿಯೊಳಗೆ ಸಿಕ್ಕಿಸಿದ್ದ ಕ್ಯಾಸೆಟ್ಟಿನಲ್ಲಿ ಇದ್ದದ್ದು ಹಾಕಿ ಆಟ. ಅಪ್ಪಯ್ಯ ಹೈಸ್ಕೂಲಿನಲ್ಲಿ ಹಾಕಿ ಆಡಿದವ. ಖುಷಿಯಿಂದ ಕೂತವನ ಮುಖ ಸ್ವಲ್ಪ ಹೊತ್ತಿಗೇ ಗಂಟಾಯಿತು. ಬಿಳಿಯ ಅಂಗಳ, ಅದರ ಮೇಲೆ ಜಾರುತ್ತಾ ಓಡುವ ಇಷ್ಟಿಷ್ಟೇ ಮನುಷ್ಯರು, ಚುಕ್ಕಿಯಂಥ ಒಂದು ಕಪ್ಪು ಬಿಲ್ಲೆ.

"ಇದೆಂತ ಹಾಕಿ? ಚೆಂಡೇ ಇಲ್ಲೆ," ಎಂದ.

"ಅಕ್ಕಿಹಿಟ್ಟಿನ ಮೇಲೆ ಇರುವೆ ಹೋದ ಹಂಗೆ ಕಾಣ್ತು," ಎಂದಳು ಆಯಿ, ನಮ್ಮ ಅಮ್ಮ.

ಹಿಮಗಡ್ಡೆಯ ಮೇಲೆ ಆಡುವ ಹಾಕಿಯೊಂದು ಲೋಕದಲ್ಲಿದೆ ಎಂದು ನಮ್ಮ ಮೂವರಿಗೂ ಗೊತ್ತಿರಲಿಲ್ಲ. ಆದರೂ ಆಟ ಹಿಡಿಸಿತು. ಇಬ್ಬರು ಕೂತು ಆಡಬಹುದಿತ್ತು, ಒಬ್ಬರೇ ಆದರೆ ಯಂತ್ರದ ಎದುರು ಆಡಬಹುದಿತ್ತು. ಗೋಲು ಕಾಯುವವನನ್ನು ಸರಿಸುವುದೂ ಆಟಗಾರನನ್ನು ಓಡಿಸುವುದೂ ಒಂದೇ ಗುಂಡಿ. ಅಪ್ಪಯ್ಯ ಮುನ್ನುಗ್ಗಿದಾಗೆಲ್ಲ ಅವನ ಗೋಲು ಕಾಯುವವನೂ ಜಾಗ ಬಿಟ್ಟು ಬದಿಗೆ ಸರಿಯುತ್ತಿದ್ದ. ಆಯಿ ಅದಕ್ಕೇ ಕಾಯುತ್ತಿದ್ದಳು. ಯಂತ್ರದ ಎದುರು ಗೆಲ್ಲುತ್ತಾ ಬಂದು ಕೊನೆಯಲ್ಲಿ ಸೋತಾಗ ಅಪ್ಪಯ್ಯ ಕೈಯಲ್ಲಿದ್ದ ರಿಮೋಟನ್ನು ಚಾಪೆಯ ಮೇಲೆ ಕುಕ್ಕುತ್ತಿದ್ದ.

"ಮಿಷನ್ನು ಮೋಸ ಮಾಡ್ತು. ನಾವು ಮುಂದೆ ಹೋದ ಕೂಡ್ಲೆ ಅದರ ಜನ ಜೋರು ಓಡ್ತ, ನೋಡು!"

"ನಿಂಗಕ್ಕೆ ಆಡಲೆ ಬತ್ತಿಲ್ಲೆ. ಅದಕ್ಕೆ ಮಿಷನ್ನು ಎಂತ ಮಾಡ್ತು?" ಎಂದು ಆಯಿ ನಗುತ್ತಿದ್ದಳು.

ಬಾಗಿಲು ಬಡಿದ ಸದ್ದಾದರೆ ಮಾತ್ರ ಅವಳ ನಗು ನಿಲ್ಲುತ್ತಿತ್ತು. ಡಬ್ಬಿಯ ಯಜಮಾನನೇ ಬಂದನೆಂದು ಸೆರಗನ್ನು ಅದರ ಮೇಲೆ ಹಾಕಿ ಕೂರುತ್ತಿದ್ದಳು. ಅವನು ಬರಲಿಲ್ಲ. ಒಂದು ದಿನ ಸಿಡಿಲಿಗೆ ಟೀವಿಯೂ ಡಬ್ಬಿಯೂ ಒಟ್ಟಿಗೇ ಹೋದವು.

ಆಮೇಲೆ ನಾನು ಕಾಲೇಜು ಓದಲು ಶಿರಸಿಗೆ ಬಂದೆ. ಕಂಪ್ಯೂಟರ್ ಕ್ಲಾಸಿನಲ್ಲಿ ಹೊಸ ಹಾಕಿ ಆಟ ಸಿಕ್ಕಿತು. ಅದರಲ್ಲಿ ಆಟಗಾರರಿಗೆ ಮುಖವಿತ್ತು, ಬೆನ್ನ ಮೇಲೆ ಹೆಸರಿತ್ತು, ಉಸಿರು ಬಿಟ್ಟರೆ ಬಾಯಿಂದ ಹೊಗೆ ಬರುತ್ತಿತ್ತು. ಕೂತು ನೋಡುವ ಜನ ಎದ್ದು ಕೂಗುತ್ತಿದ್ದರು. ಆದರೆ ಒಂದು ಗೋಲು ಹೊಡೆಯಬೇಕಾದರೆ ಕೀಬೋರ್ಡಿನ ಅರ್ಧ ಗುಂಡಿಗಳನ್ನು ನೆನಪಿಟ್ಟುಕೊಳ್ಳಬೇಕಿತ್ತು. ನನಗೆ ಬೇಗ ಬೇಸರ ಬಂತು. ಓದು ಮುಗಿದು, ಇಲ್ಲೇ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಹಿಡಿದು, ಅಪ್ಪಯ್ಯ ಹೋದ ಮೇಲೆ ಆಯಿಯನ್ನು ಕರೆತಂದು ಜೊತೆಗಿಟ್ಟುಕೊಂಡೆ. ಹಾಕಿಯನ್ನು ಮರೆತೇಬಿಟ್ಟಿದ್ದೆ.

ಆಯಿ ಮರೆತಿರಲಿಲ್ಲ. ಹೋದ ವರ್ಷ ಅವಳಿಗೊಂದು ಒಳ್ಳೆಯ ಫೋನು ಕೊಡಿಸಿದೆ. ಅದರಲ್ಲಿ ಅವಳೇ ಹುಡುಕಿಕೊಂಡದ್ದು ಒಂದು ಹಾಕಿ ಆಟ. ಮತ್ತೆ ಅದೇ ಬಿಳಿಯ ಅಂಗಳ, ಅದೇ ಕಪ್ಪು ಬಿಲ್ಲೆ. ಹಳೆಯದರಂತೆಯೇ ಕಾಣಲಿ ಎಂದು ಬೇಕೆಂದೇ ಮಾಡಿದ ಹಾಗಿತ್ತು. ವ್ಯತ್ಯಾಸವೆಂದರೆ, ಎದುರು ಆಡುವವರು ಎಲ್ಲೋ ಕೂತಿರುತ್ತಾರೆ. ಹೆಸರಿನ ಬದಲು ಒಂದು ಚಿತ್ರ. ಆಯಿಗೆ ಆಟವೇ ಕೊಟ್ಟದ್ದು ಹುಲಿಯ ಮುಖ.

ಒಂದು ದಿನ ಊಟಕ್ಕೆಂದು ಮನೆಗೆ ಬಂದಾಗ ಅವಳು ಫೋನು ಹಿಡಿದು ತನ್ನಷ್ಟಕ್ಕೇ ನಗುತ್ತಿದ್ದಳು.

"ಯಾರ ಹತ್ರ ಆಡ್ತಾ ಇದ್ದೆ ಆಯಿ?"

"ಹಳದಿ ಹಕ್ಕಿ ಹತ್ರ. ದಿನಾ ಮಧ್ಯಾಹ್ನ ಬತ್ತು. ರಾಶಿ ಚೊಲೋ ಆಡ್ತು."

"ಅದು ಯಾರು ಹೇಳಿ ಗೊತ್ತಿದ್ದಾ?"

"ಗೊತ್ತಿಲ್ಲೆ. ಆದ್ರೆ ನಮ್ಮ ಬದಿಯವ್ವೇ ಕೂಸೆ. ಗುಡುಗು ಬಂದಾಗ ಇಬ್ರ ಆಟವೂ ಒಟ್ಟಿಗೇ ನಿಲ್ತು."

ನನಗೆ ನಲವತ್ತು ದಾಟಿದೆ, ಆಯಿಗೆ ಇನ್ನೂ ನಾನು ಕೂಸೇ. ಅವಳು ಕೈ ತೊಳೆಯಲು ಎದ್ದಾಗ ಫೋನು ತೆಗೆದು ನೋಡಿದೆ. ಆಟದ ಕೆಳಗೆ ಮಾತುಕತೆಯ ಜಾಗವಿತ್ತು. ಹಕ್ಕಿ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಿತ್ತು. ನಿಮ್ಮ ಊರು ಶಿರಸಿಯಾ? ಮನೆಯಲ್ಲಿ ಯಾರ್ಯಾರಿದ್ದೀರಿ? ಮಧ್ಯಾಹ್ನ ಒಬ್ಬರೇ ಇರುತ್ತೀರಾ?

ತಟ್ಟೆಯನ್ನು ಬದಿಗೆ ಸರಿಸಿದೆ. ಫೋನಿನಲ್ಲಿ ನಯವಾಗಿ ಮಾತಾಡಿ ಮುದುಕರನ್ನು ಬಲೆಗೆ ಹಾಕುವವರ ಸುದ್ದಿ ಲ್ಯಾಬಿಗೆ ಬರುವ ಜನರ ಬಾಯಲ್ಲಿ ದಿನವೂ ಕೇಳುತ್ತಿದ್ದೆ. ಆಯಿಗೆ ಹೇಳದೆ, ಅವಳು ಒರಗಿದ ಹೊತ್ತು ನೋಡಿ, ಹುಲಿಯ ಮುಖ ಹೊತ್ತು ನಾನೇ ಆಡಲು ಕೂತೆ. ಹಳದಿ ಹಕ್ಕಿ ಬಂತು. ಸುಮ್ಮನೆ ಆಡಿಸಿ, ಮಾತಿಗೆಳೆದು, ಬಣ್ಣ ಬಯಲು ಮಾಡಬೇಕೆಂದಿದ್ದೆ. ಆಟ ಸ್ವಲ್ಪ ಮುಂದೆ ಹೋಯಿತಷ್ಟೆ. ಹಕ್ಕಿ ಆಡುವುದನ್ನು ನಿಲ್ಲಿಸಿ ಬರೆಯಿತು: "ನೀವು ಅವರಲ್ಲ. ಯಾರು ನೀವು?"

ಪ್ರಶ್ನೆ ಕೇಳಬೇಕಾದವಳು ನಾನು, ಉತ್ತರ ಹೇಳಬೇಕಾದವಳೂ ನಾನೇ ಆಗಿದ್ದೆ. ಫೋನು ಬಂದ್ ಮಾಡಿ ನನ್ನ ಬ್ಯಾಗಿಗೆ ಹಾಕಿಕೊಂಡೆ.

ಆಯಿ ಎದ್ದು ವಿಷಯ ತಿಳಿದಾಗ ನಾನು ಅಂದುಕೊಂಡಂತೆ ಅವಳು ಹೆದರಲಿಲ್ಲ. ಕೆರಳಿದಳು.

"ಯನ್ನ ಫೋನು ಯಂಗೆ ಕೊಡು. ನಿನ್ನ ಅಪ್ಪಯ್ಯನ ಬುದ್ಧಿಯೇ ಬೈಂದು ನಿಂಗೆ."

"ನಿನ್ನ ಒಬ್ಳೇ ಇರ್ತ್ಯಾ ಹೇಳಿ ಎಂತಕ್ಕೆ ಕೇಳ್ತು ಅದು?"

"ಆನೂ ಅದನ್ನೇ ಕೇಳಿದ್ದಿ ಅದಕ್ಕೆ! ನೀ ಅದನ್ನ ಓದಿದ್ದಿಲ್ಲೆ." ಸ್ವಲ್ಪ ಸುಧಾರಿಸಿಕೊಂಡು, "ಬರೋ ವಾರ ಹಲ್ಲು ತೋರಿಸಲೆ ಶಿರಸಿಗೆ ಬತ್ತಡ. ಆನು ಹೋಗಿ ನೋಡ್ತೆ," ಎಂದಳು.

ಬೇಡವೆಂದರೆ ಕೇಳುವವಳಲ್ಲ. ಫೋನು ತಿರುಗಿ ಕೊಟ್ಟು, ನಾನೂ ಬರುತ್ತೇನೆ, ಜನ ಇರುವ ಜಾಗವೇ ಆಗಬೇಕು ಎಂದು ಪಟ್ಟು ಹಿಡಿದೆ. ಹಳೇ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲ್ಲೊಂದಕ್ಕೆ ಬೆಳಿಗ್ಗೆಯೇ ಹೋಗಿ, ಬಾಗಿಲು ಕಾಣುವ ಮೇಜಿನಲ್ಲಿ ಕೂತೆವು. ಒಳಗೆ ಬಂದ ಪ್ರತಿ ಗಂಡಸನ್ನೂ ನಾನು ತಲೆಯಿಂದ ಕಾಲಿನವರೆಗೆ ನೋಡಿದೆ. ಪಕ್ಕದ ಮೇಜಿನಲ್ಲಿ ದಪ್ಪ ಮೀಸೆಯ ಒಬ್ಬರು ಛತ್ರಿಯನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ನಮ್ಮನ್ನೇ ದಿಟ್ಟಿಸುತ್ತಿದ್ದರು. ಜೊತೆಗೊಬ್ಬ ಹೆಂಗಸು. ಇವನೇ ಎಂದು ನನಗೆ ಖಾತ್ರಿಯಾಯಿತು. ಅಷ್ಟರಲ್ಲಿ ಆಯಿ ಫೋನು ತೆಗೆದು ಹುಲಿಯ ಮುಖವನ್ನು ತೆರೆದು ಹಕ್ಕಿಯನ್ನು ಆಟಕ್ಕೆ ಕರೆದಳು. ಪಕ್ಕದ ಮೇಜಿನ ಹೆಂಗಸಿನ ಕೈಚೀಲದೊಳಗೆ ಫೋನು ಟಿಣ್ ಎಂದಿತು.

ಆ ಹೆಂಗಸು ನಿಧಾನಕ್ಕೆ ಎದ್ದು ಬಂದರು. "ಹುಲಿ ನೀವೇನ್ರಾ?"

"ಹಳದಿ ಹಕ್ಕಿ?"

"ಅಯ್ಯ ದೇವ್ರೆ! ಹುಲಿ ಚಿತ್ರ ನೋಡಿ ನಮ್ಮನೆಯವ್ರು, ಇದು ಯಾರೋ ಗಂಡಸೇ ಅಂತ ಒಂದು ತಿಂಗಳಿಂದ ನನ್ನ ಜೀವ ತಿಂದಿದ್ದಾರೆ. ಅದಕ್ಕೇ ಜೊತೆಗೆ ಬಂದದ್ದು!"

ಮೀಸೆಯವರು ಛತ್ರಿಯನ್ನು ಕೆಳಗಿಟ್ಟರು. ನಾನು ಅವರ ಮುಖ ನೋಡಲಾರದೆ ಕಷಾಯದ ಲೋಟ ನೋಡಿದೆ. ಅವರೂ ಹಾಗೇ ಮಾಡಿದರು.

ಆ ಹೆಂಗಸು ಉಮ್ಮಚಗಿಯ ಹತ್ತಿರದವರು. ಅಂಗನವಾಡಿಯಲ್ಲಿ ಬಹಳ ವರ್ಷ ಕಲಿಸಿದವರಾದ್ದರಿಂದ ಅವರ ಊರಿಗೆಲ್ಲ ಅವರು ಅಕ್ಕೋರು. ಆಯಿಯೂ ಅಲ್ಲೇ ಹಾಗೆ ಕರೆಯತೊಡಗಿದಳು. ಬನ್ಸ್ ತರಿಸಿ ತಿನ್ನುತ್ತಾ ಇಬ್ಬರೂ ಆಟದ ಮಾತಿಗಿಳಿದರು.

"ಹೋದ ಭಾನುವಾರ ಮಾತ್ರ ನೀವು ಯನ್ನ ರಾಶಿ ಗೋಳು ಹೊಯ್ಕಂಡ್ರಿ ಅಕ್ಕೋರೆ," ಎಂದಳು ಆಯಿ.

"ಭಾನುವಾರನಾ? ನಾನು ಭಾನುವಾರ ಫೋನೇ ಮುಟ್ಟೂದಿಲ್ಲ. ಯಲ್ಲಾಪುರದ ಸಂತೆಗೆ ಹೋಗ್ತೆ."

ಆಯಿಯ ಕೈ ನಿಂತಿತು. "ನೀವು ಎಲ್ಲಾ ಭಾನುವಾರವೂ ಆಡಿದ್ರಿ."

"ಇಲ್ಲಮ್ಮ. ನೀವು ಬೆಳಗಾಗೂ ಮೊದ್ಲು ಆಡ್ತೀರಲ್ಲ, ಆಗ ಒಂದೊಂದ್ಸಲ ಆಡಿದ್ದೆ."

"ಬೆಳಗಾಗ ಮೊದ್ಲು ಆನು ಹಾಸಿಗೆಯಲ್ಲಿರ್ತೆ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ನೋಟದಲ್ಲಿ ಸ್ವಲ್ಪ ಹೊತ್ತಿನ ಹಿಂದಿನ ಸಲಿಗೆ ಇರಲಿಲ್ಲ. ಸುಳ್ಳು ಹೇಳುತ್ತಿರುವವರು ಯಾರು ಎಂದು ಇಬ್ಬರಿಗೂ ಅನುಮಾನ. ಮೀಸೆಯವರು ಮತ್ತೆ ನನ್ನನ್ನು ದಿಟ್ಟಿಸತೊಡಗಿದರು. ಫೋನು ಕದ್ದು ಆಡಿದವಳು ನಾನೇ ಎಂದು ಅವರು ಎಣಿಸಿರಬೇಕು.

ನನಗೊಂದು ಯೋಚನೆ ಬಂತು. ಅಕ್ಕೋರ ಫೋನನ್ನು ಕೇಳಿ ಪಡೆದು, ಎಲ್ಲರ ಎದುರು ಪೂರ್ತಿ ಬಂದ್ ಮಾಡಿ ಮೇಜಿನ ಮೇಲಿಟ್ಟೆ. ಆಯಿಗೆ ಆಟ ತೆರೆದು ಕಾಯಲು ಹೇಳಿದೆ. ಹೋಟೆಲ್ಲಿನ ಗಲಾಟೆಯ ನಡುವೆ ನಾವು ನಾಲ್ವರೂ ಆ ಒಂದು ಫೋನಿನ ಮೇಲೆ ಬಾಗಿದೆವು. ಮೊದಲು ಬೇರೆ ಯಾವುದೋ ಚಿತ್ರ ಬಂತು, ಆಯಿ ಬಿಟ್ಟಳು. ಮತ್ತೊಂದನ್ನೂ ಬಿಟ್ಟಳು. ಆಮೇಲೆ ಅಕ್ಕೋರ ಹಳದಿ ಹಕ್ಕಿ ಬಂದು ಕೂತು, ಆಡೋಣವೇ ಎಂದು ಕೇಳಿತು.

ಮೀಸೆಯವರು ಮೇಜಿನ ಮೇಲಿನ ಸತ್ತ ಫೋನನ್ನು ಎತ್ತಿ, ತಿರುಗಿಸಿ ನೋಡಿ, ಬಿಸಿ ಮುಟ್ಟಿದವರಂತೆ ಕೆಳಗಿಟ್ಟರು.

"ಯಾರಿದು?" ಎಂದರು ಅಕ್ಕೋರು. ದನಿ ಇಳಿದಿತ್ತು.

"ಯಾರೂ ಅಲ್ಲ. ನೀವು ಆಡೂದನ್ನ ನೋಡಿಟ್ಟುಕೊಂಡು, ನೀವಿಲ್ಲದಾಗ ಆಟವೇ ಆಡ್ತದೆ, ನಿಮ್ಮ ಹಾಗೆ," ಎಂದೆ. ಹೇಳಿದೆನಾದರೂ ಅದರ ಒಳಗುಟ್ಟು ನನಗೆ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ.

ಆಯಿ ಸೀರೆಗೆ ಕೈ ಒರೆಸಿಕೊಂಡಳು. "ಬಾ, ನೋಡೇಬಿಡನ," ಎಂದು ಒಪ್ಪಿಗೆಯ ಗುಂಡಿ ಒತ್ತಿದಳು.

ಅಕ್ಕೋರು ತಮ್ಮನ್ನೇ ತಾವು ನೋಡುತ್ತಾ ಕೂತರು. ಎಡಬದಿಯ ಗೋಡೆಗೆ ಬಿಲ್ಲೆಯನ್ನು ತಾಗಿಸಿ ಮುಂದೆ ತರುವುದು, ಗೋಲಿನ ಹತ್ತಿರ ಬಂದು ಒಂದು ಕ್ಷಣ ನಿಲ್ಲುವುದು. "ನಾನು ಹಿಂಗೇ ಆಡೂದಾ?" ಎಂದು ಗಂಡನನ್ನು ಕೇಳಿದರು. ಅವರು ಹೌದೆಂದು ತಲೆಯಾಡಿಸಿದರು. ಹೆಂಡತಿ ಆಡುವುದನ್ನು ಒಂದು ತಿಂಗಳಿಂದ ಬೆನ್ನ ಹಿಂದೆ ನಿಂತು ನೋಡಿದವರಿಗೆ ಗೊತ್ತಿಲ್ಲದಿದ್ದೀತೆ?

"ಅಮ್ಮ, ಈಗ ಎಡಕ್ಕೇ ಬತ್ತದೆ, ಅಲ್ಲೇ ನಿಲ್ಲಿ," ಎಂದು ಅಕ್ಕೋರು ಹೇಳಿಕೊಟ್ಟರು. ಆಯಿ ಎಡಕ್ಕೆ ನಿಂತಳು. ಹಕ್ಕಿ ಬಲಕ್ಕೆ ಹೊರಳಿ ಗೋಲು ಹೊಡೆಯಿತು.

"ನಾನು ಹಾಂಗೆ ಯಾವತ್ತೂ ಮಾಡಿದ್ದಿಲ್ಲ!" ಅಕ್ಕೋರು ಕೂಗಿಯೇಬಿಟ್ಟರು. ಹೋಟೆಲ್ಲಿನವರೆಲ್ಲ ತಿರುಗಿ ನೋಡಿದರು. ಎಲ್ಲರ ಎದುರು ಯಾರೋ ತಮ್ಮ ಮೇಲೆ ಇಲ್ಲದ ಮಾತು ಹೊರಿಸಿದ ಹಾಗೆ ಅವರ ಕಣ್ಣಲ್ಲಿ ನೀರು ಬಂದಿತ್ತು. ಆಯಿ ಅರ್ಧಕ್ಕೇ ಆಟ ಬಿಟ್ಟು ಅವರ ಕೈ ಹಿಡಿದುಕೊಂಡಳು.

ಅವತ್ತು ಅಕ್ಕೋರು ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಆಯಿಯೂ ಜೊತೆಗೆ ಹೋದಳು. ನಾನೂ ಮೀಸೆಯವರೂ ಹೊರಗಿನ ಬೆಂಚಿನಲ್ಲಿ ಕೂತು ಕಾಳುಮೆಣಸಿನ ಮಾತಾಡಿದೆವು. ಕೊನೆಗೆ, "ಗಂಡಸಾದ್ರೆ ಹಿಡಿದು ಕೇಳಬಹುದಿತ್ತು. ಇದನ್ನ ಯಾರ ಹತ್ರ ಕೇಳೂದು?" ಎಂದರು.

ಈಗಲೂ ಇಬ್ಬರೂ ಆಡುತ್ತಾರೆ. ಮೊದಲು ಫೋನು ಮಾಡಿ ದನಿ ಕೇಳಿಕೊಂಡೇ ಶುರು. ಆಟ ಮುಗಿಯುವವರೆಗೂ ಒಂದು ಕಡೆ ಆಯಿಯ ಬೈಗುಳ, ಇನ್ನೊಂದು ಕಡೆ ಅಕ್ಕೋರ ನಗು. ಅಕ್ಕೋರು ಶಿರಸಿಗೆ ಬಂದರೆ ಊಟ ನಮ್ಮಲ್ಲೇ. ಕರೆಯದೆ ಬರುವ ಹಳದಿ ಹಕ್ಕಿಯನ್ನು ಆಯಿ ಮುಟ್ಟುವುದಿಲ್ಲ. ಆದರೆ ಮೊನ್ನೆ ಹೂ ಕಟ್ಟುತ್ತಿದ್ದವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಕೇಳಿದಳು:

"ಕೂಸೆ, ಆನು ಇಲ್ಲಿ ಹೂ ಕಟ್ತಾ ಕುಂತಾಗ ಯನ್ನ ಹುಲಿ ಯಾರ ಹತ್ರ ಆಡ್ತಾ ಇಕ್ಕು?"

ನಾನು ಗೊತ್ತಿಲ್ಲೆ ಎಂದೆ. ಅವಳು ನನ್ನನ್ನು ನಂಬದವಳಂತೆ ನೋಡಿ, ದಾರಕ್ಕೆ ಮತ್ತೊಂದು ಹೂ ಸೇರಿಸಿದಳು.