ಹಿತ್ತಾಳೆ ಫಲಕದಲ್ಲಿದ್ದ ಹೆಸರು

ನಮ್ಮ ಓಣಿಯ ದರ್ಜಿಯ ಬಾಯಿಯ ಎಡಮೂಲೆಯಲ್ಲಿ ಯಾವಾಗಲೂ ಎರಡು ಗುಂಡುಸೂಜಿ ಇರುತ್ತಿದ್ದವು. ಹೀಗಾಗಿ ಅವರು ಮಾತಾಡುತ್ತಿದ್ದದ್ದು ಬಲಗಡೆಯ ಅರ್ಧ ಬಾಯಿಯಲ್ಲಿ. ಸೂಜಿ ತೆಗೆದಿಟ್ಟ ಮೇಲೂ ಎಡಮೂಲೆ ಬಿಗಿಯಾಗಿ ಮುಚ್ಚಿಯೇ ಇರುತ್ತಿತ್ತು. ಓಣಿಯ ಮಕ್ಕಳೆಲ್ಲ ಅವರಂತೆ ಮಾತಾಡಿ ಅಣಕಿಸುವುದನ್ನು ಕಲಿತಿದ್ದೆವು, ನನ್ನದು ಎಲ್ಲರಿಗಿಂತ ಚೆನ್ನಾಗಿತ್ತು. ಒಮ್ಮೆ ಅವರ ಎದುರಿಗೇ ಸಿಕ್ಕಿಬಿದ್ದೆ. ಬೈಯಲಿಲ್ಲ. "ತುಟಿ ಇನ್ನಷ್ಟು ಬಿಗಿ ಹಿಡಿಬೇಕು, ಇಲ್ಲಾಂದ್ರ ಸೂಜಿ ಹೊಟ್ಟ್ಯಾಗ ಹೋಗತಾವು," ಎಂದು ತಿದ್ದಿ ಕಳಿಸಿದರು.

ರಾಣೆಬೆನ್ನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ನಮ್ಮ ಮನೆಯಿಂದ ನಾಲ್ಕನೇ ಬಾಗಿಲು ಅವರ ಅಂಗಡಿ. ಬೇರೆ ದರ್ಜಿಗಳ ಬೋರ್ಡಿನಲ್ಲಿ ದೇವರ ಹೆಸರೋ ಮಗನ ಹೆಸರೋ ಇರುತ್ತಿತ್ತು. ಇವರದರಲ್ಲಿ 'ಟೇಲರ್' ಎಂದಷ್ಟೇ. ಊರೆಲ್ಲ ಟೇಲರ್ ಎನ್ನುತ್ತಿತ್ತು, ಓಣಿಗೆ ಅವರು ಟೇಲರ್ ಕಾಕಾ. ರೇಷನ್ ಕಾರ್ಡಿನಲ್ಲಿ ಇದ್ದ ಹೆಸರು ಹಿಡಿದು ಯಾರಾದರೂ ಕರೆದರೆ ಅವರು ತಟ್ಟನೆ ತಿರುಗುತ್ತಿರಲಿಲ್ಲ, ಎರಡು ಸಲ ಕರೆಯಬೇಕಾಗುತ್ತಿತ್ತು. ಮಷೀನಿನ ಸದ್ದಿಗೆ ಕಿವಿ ಮಂದವಾಗಿದೆ ಎಂದು ನಾವು ತಿಳಿದಿದ್ದೆವು.

ನನ್ನ ಶಾಲೆಯ ಸ್ಕರ್ಟು, ಕಾಲೇಜಿನ ಚೂಡಿದಾರ, ಮದುವೆಯ ಜಂಪರು ಎಲ್ಲವನ್ನೂ ಹೊಲಿದವರು ಅವರೇ. ಹೇಳಿದ ದಿನಕ್ಕೆ ಒಮ್ಮೆಯೂ ಕೊಟ್ಟವರಲ್ಲ. ಕೇಳಲು ಹೋದರೆ "ಗುಂಡಿ ಅಷ್ಟ ಉಳದಾವು" ಎನ್ನುವರು, ನೋಡಿದರೆ ಬಟ್ಟೆ ಇನ್ನೂ ಗಂಟಿನಲ್ಲೇ ಇರುತ್ತಿತ್ತು. ಆದರೆ ಅಳತೆಯ ವಿಷಯದಲ್ಲಿ ಸುಳ್ಳು ನಡೆಯುತ್ತಿರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ದಲಾಲರೊಬ್ಬರು ವರ್ಷಕ್ಕೊಮ್ಮೆ ಸಫಾರಿ ಹೊಲಿಸಲು ಬರುವರು. ಅವರು ಕೈ ಎತ್ತಿದರೆ ಸಾಕು, ಅಂಗಿಯಲ್ಲಿ ಕೂತಿದ್ದ ಖಾರದ ಧೂಳಿಗೆ ಅಂಗಡಿಯಲ್ಲಿದ್ದವರೆಲ್ಲ ಸೀನುವರು. ಅವರು ಹೊಟ್ಟೆ ಒಳಗೆಳೆದುಕೊಂಡು "ಹೋದ ವರ್ಷದ ಅಳತೀನ ಇರ್ಲಿ" ಎಂದರೆ ಕಾಕಾ ಟೇಪನ್ನು ಹಾಗೇ ಹಿಡಿದು ನಿಲ್ಲುತ್ತಿದ್ದರು. "ಉಸರು ಬಿಡ್ರಿ ಸಾವ್ಕಾರ್ರ. ನಾ ಎಲ್ಲೀ ಹೋಗಂಗಿಲ್ಲ." ಸಾಹುಕಾರರು ಎಷ್ಟು ಹೊತ್ತು ತಡೆದಾರು?

ನಾನು ಹಾವೇರಿಯ ಹೈಸ್ಕೂಲೊಂದರಲ್ಲಿ ಹಿಂದಿ ಶಿಕ್ಷಕಿಯಾಗಿ ಸೇರಿದ ದಿನದಿಂದ ಕಾಕಾ ನನ್ನನ್ನು 'ಅಕ್ಕೋರ' ಎಂದು ಕರೆಯತೊಡಗಿದರು. ಅರ್ಧ ಗೌರವ, ಅರ್ಧ ಚೇಷ್ಟೆ. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ನಾವು ಕೆಲವು ಶಿಕ್ಷಕರು ಸಂಸಾರ ಸಮೇತ ಉತ್ತರ ಭಾರತದ ಪ್ರವಾಸಕ್ಕೆ ಹೊರಟಿದ್ದೆವು. ನೋಡುವ ಸ್ಥಳಗಳ ಪಟ್ಟಿಯ ಕೊನೆಯಲ್ಲಿ, ಹೊತ್ತು ಉಳಿದರೆ ನೋಡೋಣವೆಂದು, ದೇಶದ ಸೈನ್ಯದ ಚರಿತ್ರೆಯನ್ನೆಲ್ಲ ಒಂದೇ ಕಡೆ ಇಟ್ಟಿದ್ದ ದೊಡ್ಡ ವಸ್ತುಸಂಗ್ರಹಾಲಯವನ್ನು ಬರೆದಿದ್ದೆವು. ಅಂಗಡಿಯಲ್ಲಿ ಆ ಪಟ್ಟಿಯನ್ನು ಓದಿ ಹೇಳುತ್ತಿದ್ದಾಗ ಕಾಕಾ ಬಾಯಿಂದ ಸೂಜಿಗಳನ್ನು ತೆಗೆದು ಮೇಜಿನ ಮೇಲಿಟ್ಟರು.

"ನಾನೂ ಬರ್ತೇನಿ," ಎಂದರು.

ಹುಬ್ಬಳ್ಳಿ ದಾಟಿ ಹೋದವರಲ್ಲ. ಆರು ತಿಂಗಳ ಹಿಂದೆಯಷ್ಟೇ ಅವರ ತಾಯಿ ಸ್ವಂತ ಹಳ್ಳಿ ಅಗಡಿಯ ಮನೆಯಲ್ಲಿ ತೀರಿಕೊಂಡಿದ್ದರು. ಮನಸ್ಸು ಹಗುರಾಗಲೆಂದು ಹೊರಟಿದ್ದಾರೆ ಅಂದುಕೊಂಡೆ. "ಕಾಶಿಗೆ ಹೋಗೂದು ಬಿಟ್ಟು ತೋಪು ನೋಡಾಕ ಬರ್ತೀರೇನ್ರಿ ಕಾಕಾ?" ಎಂದು ನಕ್ಕೆ. ಅವರು ಟಿಕೀಟಿಗೆ ಎಷ್ಟಾಗುತ್ತದೆಂದು ಕೇಳಿದರು.

ರೈಲಿನಲ್ಲಿ ಎರಡನೇ ದಿನದ ಬೆಳಿಗ್ಗೆ, ಉಳಿದವರೆಲ್ಲ ಅವಲಕ್ಕಿ ತಿನ್ನುತ್ತಿದ್ದಾಗ, ನನ್ನನ್ನು ಕಿಟಕಿಯ ಬಳಿ ಕೂಡಿಸಿಕೊಂಡು ಮಾತು ತೆಗೆದರು. ಅವರಿಗೊಬ್ಬ ತಮ್ಮನಿದ್ದ. ಮನೆಯಲ್ಲಿ ತಾಯಿ ಇವರನ್ನು ದೊಡ್ಡ್ಯಾ, ಅವನನ್ನು ಸಣ್ಯಾ ಎನ್ನುತ್ತಿದ್ದಳು. ಸಣ್ಯಾನಿಗೆ ಹದಿನಾರು ತುಂಬಿದಾಗ ಮಿಲಿಟರಿಯ ಹುಚ್ಚು ಹತ್ತಿತು. ವಯಸ್ಸು ಸಾಲದು. ಅಣ್ಣನಿಗೆ ಹತ್ತೊಂಬತ್ತಾಗಿತ್ತು, ಅಣ್ಣನ ಶಾಲೆ ಬಿಟ್ಟ ಸರ್ಟಿಫಿಕೇಟು ಟ್ರಂಕಿನಲ್ಲಿತ್ತು.

"ಅಂವ ಕದ್ದಿಲ್ಲ. ಕೊಟ್ಟಾಂವ ನಾನ," ಎಂದರು ಕಾಕಾ. "ಮೂರು ದಿನ ಉಣ್ಣಲಿಲ್ಲ ಆ ಮಗ. ಚೀಟಿ ತಗದು ಕೈಯಾಗ ಇಟ್ಟೆ. ಭರ್ತಿಗೆ ಹೋಗಾಕ ಒಂದು ಹೊಸಾ ಪ್ಯಾಂಟು ಹೊಲದ ಕೊಟ್ಟೆ. ನಾ ಮೊದಲ ಹೊಲದ ಪ್ಯಾಂಟು ಅದು."

ಹೀಗೆ ತಮ್ಮನು ಅಣ್ಣನ ಹೆಸರಿನಲ್ಲಿ ಸಿಪಾಯಿಯಾದ. ಅಂಥದ್ದು ಆಗ ಅಪರೂಪವೇನೂ ಅಲ್ಲ, ಊರಿನಲ್ಲಿ ಯಾರಿಗೂ ಅದು ದೊಡ್ಡ ತಪ್ಪೆಂದು ಅನಿಸಲೂ ಇಲ್ಲ. ಮೂರು ವರ್ಷಕ್ಕೆ ಎಪ್ಪತ್ತೊಂದರ ಯುದ್ಧ ಬಂತು. ಒಂದು ಮಧ್ಯಾಹ್ನ ಪೋಸ್ಟ್‌ಮನ್ ತಾರು ತಂದು, ಕಟ್ಟೆಯ ಮೇಲೆ ಕೂತಿದ್ದ ತಾಯಿಗೆ ಓದಿ ಹೇಳಿದ.

"ಸತ್ತಾನ ಅಂತ ನನ್ನ ಹೆಸರು ಓದಿದ. ಓದಿ ನನ್ನ ಮಾರಿ ನೋಡಿದ. ನಾ ಅವ್ವನ ಬಾಜೂಕ ಕುಂತಿದ್ದೆ. ಅವ್ವ ನನ್ನ ಕಡೆ ನೋಡಲಿಲ್ಲ, ತಲಬಾಗಲದ ಕಡೆ ನೋಡಿದ್ಲು. ಸಣ್ಯಾ ಹೋಗೂ ಮುಂದ ಅಲ್ಲೇ ನಿಂತಿದ್ದ."

ಸತ್ತವನ ತಾಯಿಗೆ ಪಿಂಚಣಿ ಬರತೊಡಗಿತು. ಸತ್ತವನು ಬದುಕಿದ್ದಾನೆಂದು ಗೊತ್ತಾದರೆ ಅದು ನಿಲ್ಲುವುದಷ್ಟೇ ಅಲ್ಲ, ಮುದುಕಿಯ ಮೇಲೆ ಮೊಕದ್ದಮೆ ಬೀಳುವ ಹೆದರಿಕೆ. ಅಗಡಿಯ ಜನ ಬಾಯಿಗೆ ಬೀಗ ಹಾಕಿಕೊಂಡರು. ಎಲ್ಲದಕ್ಕೂ ಬಾಯಿ ಬಿಡುವ ಊರು ಮೂವತ್ತೈದು ವರ್ಷ ಇದೊಂದಕ್ಕೆ ಬಾಯಿ ಬಿಡಲಿಲ್ಲ, ಅದಕ್ಕಾಗಿ ಆ ಊರಿಗೆ ಕೈಮುಗಿಯಬೇಕು. ಕಾಕಾ ರಾಣೆಬೆನ್ನೂರಿಗೆ ಬಂದು ಅಂಗಡಿ ಇಟ್ಟರು. ರೇಷನ್ ಕಾರ್ಡು, ಮತದಾರರ ಪಟ್ಟಿ ಎಲ್ಲದರಲ್ಲೂ ತಮ್ಮನ ಹೆಸರು ಬರೆಸಿಕೊಂಡರು. ಕಿವಿ ಮಂದವಾಗಿದ್ದಕ್ಕೆ ಅವರು ತಿರುಗುತ್ತಿರಲಿಲ್ಲ ಎಂದು ನಾವು ತಿಳಿದದ್ದು ನೆನಪಾಗಿ ನನಗೆ ನಾಚಿಕೆಯಾಯಿತು.

"ಈಗ ಅವ್ವ ಹೋದ್ಲು. ಇನ್ನ ಹೆದರಿಕಿ ಯಾರದು? ಯುದ್ಧದಾಗ ಸತ್ತವರ ಹೆಸರು ಆ ಮ್ಯೂಸಿಯಮ್ಮಿನ ಗ್ವಾಡಿ ಮ್ಯಾಲ ಕೆತ್ತ್ಯಾರಂತ ಅವ್ವಗ ಕಾಗದ ಬಂದಿತ್ತು. ಸತ್ತಾಂವ ಅಂವ, ಅಲ್ಲಿ ಹೆಸರು ನಂದು. ಹೋಗಿ ತಿದ್ದಸಬೇಕು. ನೀ ಹಿಂದಿಯೊಳಗ ಒಂದು ಅರ್ಜಿ ಬರಕೊಡು."

ಇಡೀ ಪ್ರವಾಸದಲ್ಲಿ ಅವರಿಗೆ ಬೇಕಾಗಿದ್ದದ್ದು ಇದೊಂದೇ. ನಾನು ತೊಡೆಯ ಮೇಲೆ ಪುಸ್ತಕವಿಟ್ಟು, ರೈಲು ಅಲುಗಾಡಿದಂತೆ ಅಕ್ಷರ ಅಲುಗಾಡಿಸುತ್ತ, ಎರಡು ಪುಟದ ಅರ್ಜಿ ಬರೆದೆ. ನಿಮ್ಮ ಗೋಡೆಯ ಮೇಲಿರುವ ಹೆಸರಿನವನು ನಾನು, ನಾನು ಸತ್ತಿಲ್ಲ ಎಂದು ಶುರುವಾಗುವ ಅರ್ಜಿಯನ್ನು ಅದಕ್ಕಿಂತ ಮೊದಲೂ ಆಮೇಲೂ ಬರೆದಿಲ್ಲ.

ವಸ್ತುಸಂಗ್ರಹಾಲಯ ತಲುಪಿದ್ದು ಪ್ರವಾಸದ ಎಂಟನೇ ದಿನ. ನಮ್ಮವರ ಕಾಲು ಸೋತು ಹೋಗಿದ್ದವು. ಅರ್ಧ ಜನ ಹುಲ್ಲಿನ ಮೇಲೆ ಕೂತುಬಿಟ್ಟರು, ಇನ್ನರ್ಧ ಜನ ಅಂಗಳದ ಟ್ಯಾಂಕಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕಾಕಾ ನನ್ನ ಜೊತೆ ಒಳಗೆ ಬಂದರು. ಕತ್ತಿ, ಗುರಾಣಿ, ತುಪಾಕಿಗಳನ್ನು ದಾಟಿ ಹೋದರು, ನಿಂತದ್ದು ಸಮವಸ್ತ್ರ ತೊಡಿಸಿದ ಗೊಂಬೆಗಳ ಮುಂದೆ. ಗಾಜಿಗೆ ಮೂಗು ಹಚ್ಚಿ ನೋಡಿ, "ಇದರ ಭುಜ ನೋಡು, ತೋಳು ಎತ್ತಿದ್ರ ಅಂಗಿ ಎಲ್ಲಾ ಮ್ಯಾಲ ಬರತೈತಿ. ಇದನ್ನ ಹಾಕ್ಕೊಂಡು ಬಂದೂಕು ಹೆಂಗ ಹಿಡದಾರು?" ಎಂದರು. ಗೊಂಬೆಯ ಅಂಗಿ ಗೊಂಬೆಗೆ ಹೊಲಿದದ್ದು ಎಂದು ನಾನು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ.

ಹೆಸರುಗಳಿದ್ದದ್ದು ಕೊನೆಯ ಕೋಣೆಯಲ್ಲಿ. ನೆಲದಿಂದ ತಲೆಯೆತ್ತರದವರೆಗೆ ಹಿತ್ತಾಳೆಯ ಫಲಕಗಳು, ಸಾಲು ಸಾಲು ನಂಬರು, ಹುದ್ದೆ, ಹೆಸರು. ಕಾಕಾಗೆ ಹಿಂದಿ, ಇಂಗ್ಲಿಷು ಓದಲು ಬಾರದು, ಆದರೆ ಟೇಪಿನ ದೆಸೆಯಿಂದ ಅಂಕಿಗಳು ಚೆನ್ನಾಗಿ ಬರುತ್ತಿದ್ದವು. ತಮ್ಮನ ನಂಬರು ಅವರಿಗೆ ಬಾಯಿಪಾಠ. ಬೆರಳಿಟ್ಟು ಕೆಳಗಿಳಿಯುತ್ತ ಹೋಗಿ ನನಗಿಂತ ಮೊದಲೇ ಅದನ್ನು ಹಿಡಿದರು.

"ಏನಂತ ಬರದಾರ, ಓದು."

ಓದಿದೆ. ಮೆಲ್ಲಗೇನೂ ಅಲ್ಲ, ತರಗತಿಯಲ್ಲಿ ಓದುವಂತೆ ಓದಿದೆ. "ಆಂ?" ಎಂದು ಕಾಕಾ ಹಿಂತಿರುಗಿ ನೋಡಿದರು, ಬಾಗಿಲಲ್ಲಿ ಯಾರೋ ಬಂದು ಕರೆದಿದ್ದಾರೆ ಎನ್ನುವ ಹಾಗೆ. ಮರುಕ್ಷಣ ತಮಗೇ ಗೊತ್ತಾಗಿ ನಗಲು ಹೋದರು, ನಗು ಬರಲಿಲ್ಲ.

ಬಾಗಿಲ ಬಳಿ ಕಾವಲುಗಾರನೊಬ್ಬ ನಿಂತಿದ್ದ. ವಯಸ್ಸಾದವನು, ತಾನೂ ಸೈನ್ಯದಲ್ಲಿದ್ದು ನಿವೃತ್ತನಾದವನು, ಒಳ್ಳೆಯ ಮನುಷ್ಯ. ಅರ್ಜಿ ಕೊಡುವ ಮೊದಲು ಕೇಳಿಬಿಡೋಣವೆಂದು, ಯಾರದೋ ಮಾತೆನ್ನುವಂತೆ, ಇಲ್ಲಿ ಹೆಸರು ತಪ್ಪಿದ್ದರೆ, ಬೇರೆಯವನ ಹೆಸರೇ ಬಿದ್ದಿದ್ದರೆ ತಿದ್ದುತ್ತಾರೆಯೇ ಎಂದು ಹಿಂದಿಯಲ್ಲಿ ಕೇಳಿದೆ. ಆತ ನಿಧಾನವಾಗಿ ವಿವರಿಸಿದ. ಅಕ್ಷರ ತಪ್ಪಿದ್ದರೆ ತಿದ್ದಬಹುದು. ಬೇರೆಯವನ ಕಾಗದ ತೋರಿಸಿ ಭರ್ತಿಯಾದವನಾದರೆ ತನಿಖೆ ಆಗುತ್ತದೆ. ತನಗೆ ತಿಳಿದಮಟ್ಟಿಗೆ ಅಂಥವನ ಹೆಸರನ್ನು ತೆಗೆದುಹಾಕುತ್ತಾರೆಯೇ ಹೊರತು ಇನ್ನೊಂದು ಹೆಸರು ಬರೆಯುವುದಿಲ್ಲ.

ನಾನು ಕಾಕಾನ ಕಡೆ ತಿರುಗಿ, "ಅಕ್ಷರ ತಪ್ಪಿದ್ರ ತಿದ್ದತಾರಂತ್ರಿ, ನಮ್ಮದು ಜರಾ ತಡಾ ಆಗಬಹುದಂತ," ಎಂದೆ.

"ಅಂವ ಉದ್ದ ಹೇಳಿದ, ನೀ ಗಿಡ್ಡ ಹೇಳಿದಿ. ಕತ್ತರಿ ಹಾಕಬ್ಯಾಡ ಯವ್ವಾ, ಪೂರ್ತಿ ಹೇಳು," ಎಂದರು.

ಪೂರ್ತಿ ಹೇಳಿದೆ. ಅವರು ಅರ್ಜಿಯಿದ್ದ ಪ್ಲಾಸ್ಟಿಕ್ ಚೀಲವನ್ನು ಎದೆಗೆ ಹಿಡಿದುಕೊಂಡು ಫಲಕದ ಮುಂದೆ ಬಹಳ ಹೊತ್ತು ನಿಂತರು. ನನ್ನ ತಲೆಯಲ್ಲಿ ಹತ್ತು ಉಪಾಯ ಓಡುತ್ತಿದ್ದವು, ವಕೀಲರು, ಎಂಪಿ, ಪತ್ರಿಕೆ. ಒಂದೊಂದಾಗಿ ಹೇಳಿದೆ. ಅವರು ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿದರು.

"ಇಲ್ಲಿ ಅಂವ ಎಲ್ಲಾರ ಜೋಡಿ ಸಾಲಿನೊಳಗ ನಿಂತಾನ. ಹೆಸರು ಯಾರದರೆ ಇರ್ಲಿ, ನಿಂತಾಂವ ಅಂವ. ತಿದ್ದತೇನಿ ಅಂತ ಬಂದು ಸಾಲಿನ್ಯಾಗಿಂದ ಎಬ್ಬಿಸಿ ಕಳಸಲೇನು?" ಅರ್ಜಿಯ ಚೀಲವನ್ನು ಮಡಚಿಕೊಳ್ಳುತ್ತ, "ಒಮ್ಮಿ ಕೊಟ್ಟದ್ದು ಕೊಟ್ಟೆ. ತಿರಗಿ ಕೇಳಬಾರದು," ಎಂದರು.

ಅದಕ್ಕೇ ಆ ಹೆಸರನ್ನು ನಾನು ಈ ಬರಹದಲ್ಲಿ ಎಲ್ಲಿಯೂ ಬರೆದಿಲ್ಲ, ಬರೆಯುವುದೂ ಇಲ್ಲ.

ಹೊರಡುವ ಮುನ್ನ ಕಾಕಾ ಕಾವಲುಗಾರನ ಹತ್ತಿರ ಹೋದರು. ಆತನ ಕೋಟಿನ ಎರಡನೇ ಗುಂಡಿ ಒಂದೇ ಎಳೆಯಲ್ಲಿ ತೂಗಾಡುತ್ತಿತ್ತು. ನಾನು ಮಾತಾಡುವಾಗಲೆಲ್ಲ ಇವರು ಅದನ್ನೇ ನೋಡುತ್ತಿದ್ದರೆಂದು ಆಗ ತಿಳಿಯಿತು. ಅಂಗಿಯ ಕಾಲರಿನ ಅಡಿಯಿಂದ ದಾರ ಸುತ್ತಿದ್ದ ಸೂಜಿ ತೆಗೆದು, ಭಾಷೆಯ ಹಂಗಿಲ್ಲದೆ ಆತನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿ, ಗುಂಡಿಯನ್ನು ಭದ್ರವಾಗಿ ಹೊಲಿದು, ಹಲ್ಲಿನಿಂದ ದಾರ ಕಡಿದರು. ಆತ ಮಗುವಿನಂತೆ ಎದೆ ಉಬ್ಬಿಸಿ ನಿಂತಿದ್ದ. "ದಿನಾ ನಮ್ಮಾಂವನ್ನ ಕಾಯೂ ಮನಷ್ಯಾ. ಗುಂಡಿ ಇಲ್ಲದ ನಿಲ್ಲಬಾರದು," ಎಂದು ನನಗೆ ಹೇಳಿದರು. ಅರ್ಜಿಯನ್ನು ವಾಪಸು ರೈಲಿನಲ್ಲಿ ನನ್ನ ಕೈಗೇ ಕೊಟ್ಟರು. "ಅಕ್ಷರ ಚೊಲೋ ಅದಾವ ಅಕ್ಕೋರ. ನಿಮ್ಮ ಹುಡುಗರಿಗೆ ತೋರಸ್ರಿ."

ತೋರಿಸಲಿಲ್ಲ. ಆದರೆ ಮರಳಿ ಬಂದ ಮೇಲೆ ತರಗತಿಯಲ್ಲಿ ನಂಬರು ಕೂಗಿ ಹಾಜರಿ ಹಾಕುವುದನ್ನು ಬಿಟ್ಟೆ. ಅರವತ್ತು ಮಕ್ಕಳ ಹೆಸರನ್ನು ಅಡ್ಡಹೆಸರಿನ ಸಮೇತ ಕರೆಯುತ್ತೇನೆ. ಪಾಠಕ್ಕೆ ಐದು ನಿಮಿಷ ಕಡಿಮೆಯಾಗುತ್ತದೆ ಎಂದು ಹೆಡ್‌ಮಾಸ್ತರರು ಗೊಣಗಿದರು. ಗೊಣಗಲಿ.

ಮೂರು ವರ್ಷಗಳ ಬಳಿಕ ಕಾಕಾ ಎರಡೇ ದಿನದ ಜ್ವರದಲ್ಲಿ ಹೋದರು. ಮಕ್ಕಳಿರಲಿಲ್ಲ. ಮರಣದ ದಾಖಲೆ ಮಾಡಿಸಲು ನಗರಸಭೆಗೆ ಅವರ ಹೆಂಡತಿ ಕಾಕಿಯ ಜೊತೆ ನಾನೇ ಹೋದೆ. ಕಿಟಕಿಯ ಆಚೆಯ ಗುಮಾಸ್ತ ಪೆನ್ನು ಹಿಡಿದು "ತೀರಿದವರ ಹೆಸರ್ರೀ" ಎಂದ. ಗಂಡನ ಹೆಸರು ಬಾಯಲ್ಲಿ ತರದ ಕಾಲದ ಹೆಂಗಸು, ಕಾಕಿ ನನ್ನ ಮುಖ ನೋಡಿದರು. ರೇಷನ್ ಕಾರ್ಡಿನಲ್ಲಿದ್ದುದನ್ನೇ ಹೇಳಿದೆ. ಆತ ಬರೆದುಕೊಂಡ. ಹತ್ತೊಂಬತ್ತಕ್ಕೆ ಸತ್ತ ಹುಡುಗ ಕಾಗದದ ಮೇಲೆ ಆ ದಿನ ಸತ್ತ. ಕಾಕಾ ಸತ್ತಿದ್ದಕ್ಕೆ ಹೊಸ ಕಾಗದ ಬೇಕಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಕಾಕಿ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು. ಸೀಮಂತಗಳಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಒಡಪು ಕಟ್ಟಿ ಗಂಡನ ಹೆಸರು ಹೇಳುವ ಹೊತ್ತಿಗೆ ಕಾಕಿ ಮೆಲ್ಲಗೆ ಎದ್ದು ಒಲೆಯ ಕಡೆ ಹೋಗುತ್ತಿದ್ದರು. ನಾಚಿಕೆಯ ಸ್ವಭಾವ ಎಂದು ನಮ್ಮವ್ವ ಹೇಳುತ್ತಿದ್ದಳು.

"ಲಗ್ನಪತ್ರಿಕ್ಯಾಗೂ ಮೈದುನನ ಹೆಸರ ಇತ್ತು," ಎಂದರು ಕಾಕಿ. "ಮೊದಲನೇ ವರ್ಷನ ಇವರು ಎಲ್ಲಾ ಹೇಳಿದ್ರು, ಖರೇ ಹೆಸರೊಂದು ಬಿಟ್ಟು. ನಾನೂ ಕೇಳಲಿಲ್ಲ. ಗೊತ್ತಿದ್ರ ಎಲ್ಲ್ಯರೆ ಬಾಯಿ ತಪ್ಪಿ ಬಂದೀತು ಅಂತ. ಇನ್ನ ಯಾರಿಗೆ ಹೆದರೂದೈತಿ? ನೀ ಅಲ್ಲಿ ಗ್ವಾಡಿ ಮ್ಯಾಲ ಓದಿದ್ಯಲ್ಲ, ಆ ಹೆಸರು ಹೇಳು."

ಬಾಗಿ ಅವರ ಕಿವಿಯ ಹತ್ತಿರ ಹೇಳಿದೆ. ಕಾಕಿ ನೆಲ ನೋಡುತ್ತ, ತಲೆಯ ಮೇಲಿನ ಸೆರಗನ್ನು ಮುಂದಕ್ಕೆ ಎಳೆದುಕೊಂಡರು. ಬಳಿಯಲ್ಲಿ ಜನ ಹತ್ತಿ ಇಳಿಯುತ್ತಿದ್ದರು.

"ಇನ್ನೊಮ್ಮಿ ಹೇಳು," ಎಂದರು.