ಎಲೆ ಅಲುಗದ ಬೆಳಗು

ಕೋಟೇಶ್ವರದಲ್ಲಿ ಸ್ಟುಡಿಯೋ ಇಟ್ಟ ರಾಜೀವ ಮೀನುಗಾರರ ಮನೆಯಲ್ಲಿ ಹುಟ್ಟಿದವನಾದರೂ ದೋಣಿ ಹತ್ತಿದವನಲ್ಲ. ಹತ್ತಿದ ಒಂದೇ ಒಂದು ದಿನ ಕರುಳು ಬಾಯಿಗೆ ಬಂದಿತ್ತು. ಕಡಲು ತಮ್ಮ ಮುತ್ತನಿಗಾಯಿತು. ಇವನಿಗೆ ಮದುವೆಯ ಫೋಟೋ, ಬಿಡುವಿದ್ದ ಬೆಳಗಿನಲ್ಲಿ ಅಂಗಳದ ಹೂವು.

ಫ್ಲ್ಯಾಶ್ ಹಾಕಿ ಹೂವು ತೆಗೆಯುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಎಳೆಬಿಸಿಲೇ ಆಗಬೇಕು. ಆದರೆ ಅಷ್ಟು ಹತ್ತಿರದಿಂದ ತೆಗೆಯುವಾಗ ಹೂವು ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಕೆಟ್ಟಿತು. ಕಡಲ ಬದಿಯ ಮನೆಯಲ್ಲಿ ಗಾಳಿ ನಿಲ್ಲುವುದುಂಟೇ? ಒಂದು ದಿನವಾದರೂ ಗಾಳಿ ನಿಲ್ಲಿಸು ತಾಯೀ ಎಂದು ಕೊಲ್ಲೂರಿಗೆ ಹರಕೆಯನ್ನೂ ಹೊತ್ತಿದ್ದ.

೨೦೦೧ರ ನವೆಂಬರಿನ ಒಂದು ಬೆಳಗ್ಗೆ ಗಾಳಿ ನಿಂತಿತು. ತೆಂಗಿನ ಗರಿಯೂ ಮಿಸುಕಲಿಲ್ಲ. ಕಾಗೆಗಳ ಸದ್ದಿಲ್ಲ. ಬೆಳಕು ಅರಿಶಿನ ಕದಡಿದಂತಿತ್ತು. ದಾಸವಾಳದ ಕೇಸರದ ಒಂದೊಂದು ಹುಡಿಯೂ ಲೆನ್ಸಿನಲ್ಲಿ ಎಣಿಸುವಷ್ಟು ನಿಚ್ಚಳ. ರಾಜೀವ ಉಸಿರು ಹಿಡಿದು ಚಿತ್ರ ತೆಗೆಯುತ್ತಲೇ ಹೋದ.

"ಕೊಲ್ಲೂರಮ್ಮ ನನ್ ಮಾತ್ ಕೇಂಡ್ಳ್, ಅಮ್ಮಾ!"

ಬಾವಿಕಟ್ಟೆಯಲ್ಲಿದ್ದ ತಾಯಿ ಜಲಜ ಹೂವನ್ನು ನೋಡಲಿಲ್ಲ. ಪಡುವಣವನ್ನೇ ನೋಡುತ್ತಿದ್ದಳು.

"ಎಂತ ಕೇಂಡಿದ್ದೆ ನೀನ್?"

"ಗಾಳಿ ನಿಲ್ಕ್ ಅಂದೆ."

ಅವಳ ಕೈಯ ಕೊಡ ಕಟ್ಟೆಗೆ ತಾಗಿ ಸದ್ದಾಯಿತು. "ಹೀಂಗ್ ಗಾಳಿ ನಿಂತ್ರೆ ಹಿಂದಿಂದ ಎಂತ ಬತ್ತ್ ಅಂತ ನಿಂಗ್ ಗೊತ್ತಿಲ್ಯಾ? ಮುತ್ತ ಕಡ್ಲಗಿದ್ದ, ಮಗಾ."

ರಾಜೀವ ಮತ್ತೆ ಕ್ಯಾಮೆರಾಕ್ಕೆ ಕಣ್ಣಿಟ್ಟ. ಬೆಳಗಿನಿಂದ ಅಲುಗದಿದ್ದ ಹೂವು ಒಮ್ಮೆಲೇ ಮನೆಯ ಕಡೆಗೆ ಬಗ್ಗಿತು. ಗಾಳಿ ಕಡಲಿನಿಂದ ಬಂದಿತ್ತು.